ಶಾಲಾ ಕೊಠಡಿಯ ಬೆಳಕು, ಗಾಳಿ ಮತ್ತು ಗುತ್ತಿಗೆದಾರರ ಹೊಣೆ

ಪ್ರಶ್ನೆ: ಕುಮಟಾ ತಾಲೂಕಿನ ಕಡಲತೀರದ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ ನಾನು. ಶಾಲೆಗೆ ಮೂರು ಹೊಸ ಕೊಠಡಿಗಳು ಮಂಜೂರಾಗಿವೆ. ಕರೆಂಟು ಹೆಚ್ಚು ಬೇಡದ, ಬಹುಕಾಲ ಬಾಳುವ ಕಟ್ಟಡವಾಗಲಿ ಎಂಬುದು ಊರಿನವರ ಆಸೆ. ಗುತ್ತಿಗೆದಾರರನ್ನು ಕೇಳಿದರೆ, ‘ಅದು ನಕ್ಷೆ ಮಾಡಿದವರ ಕೆಲಸ, ನಕ್ಷೆಯಲ್ಲಿದ್ದಂತೆ ಕಟ್ಟಿಕೊಡುವುದಷ್ಟೇ ನನ್ನದು’ ಎನ್ನುತ್ತಾರೆ. ಅವರಿಂದ ನಾವು ಏನನ್ನು ನಿರೀಕ್ಷಿಸಬಹುದು?
– ಓದುಗರೊಬ್ಬರು, ಕುಮಟಾ ತಾಲೂಕು

ಉತ್ತರ: ಕಟ್ಟಡದ ದಿಕ್ಕು, ಕಿಟಕಿಗಳ ಅಳತೆ, ಚಾವಣಿಯ ವಿಧ ಇವೆಲ್ಲ ನಕ್ಷೆಯಲ್ಲೇ ತೀರ್ಮಾನವಾಗುತ್ತವೆ ಎಂಬುದು ನಿಜ. ಆದರೆ ‘ನಕ್ಷೆಯಲ್ಲಿದ್ದಂತೆ’ ಕಟ್ಟುವುದು ಸಣ್ಣ ಹೊಣೆಯಲ್ಲ. ಕರೆಂಟಿನ ಉಳಿತಾಯ ಸೋರಿಹೋಗುವುದು ಬಹುಪಾಲು ಅಲ್ಲಿಯೇ.

ಕಿಟಕಿಯ ಮೇಲಿನ ಸಜ್ಜಾವನ್ನೇ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೊಂದಿಗೆ ಓರೆಯಾಗಿ ಬಡಿಯುವ ನಮ್ಮ ಮಳೆಗೆ ಅಗಲವಾದ ಸಜ್ಜಾ ಬೇಕು. ಸೆಂಟ್ರಿಂಗ್ ಕೆಲಸ ಉಳಿಸಲೆಂದು ಅದನ್ನು ಅರ್ಧ ಅಡಿ ಮೊಟಕುಗೊಳಿಸಿದರೆ ಎರಚಲು ನೇರವಾಗಿ ಬೆಂಚಿನ ಮೇಲೆ ಬೀಳುತ್ತದೆ. ಶಿಕ್ಷಕರು ಕಿಟಕಿ ಮುಚ್ಚುತ್ತಾರೆ, ಕೋಣೆ ಕತ್ತಲಾಗುತ್ತದೆ, ಸೆಕೆಯಾಗುತ್ತದೆ, ಹಗಲಿನಲ್ಲೇ ದೀಪವೂ ಫ್ಯಾನೂ ಶುರುವಾಗುತ್ತವೆ. ಕಟ್ಟುವಾಗ ಉಳಿದ ಆ ಸ್ವಲ್ಪ ಹಣಕ್ಕೆ ಶಾಲೆ ಪ್ರತಿ ಮಳೆಗಾಲವೂ ಬಿಲ್ಲು ಕಟ್ಟಬೇಕಾಗುತ್ತದೆ. ಸಜ್ಜಾದ ಅಂಚಿನ ಅಡಿಯಲ್ಲಿ ನೀರು ಗೋಡೆಯತ್ತ ಸರಿಯದಂತೆ ಎಳೆಯುವ ಗೀರನ್ನು ಮೇಸ್ತ್ರಿ ಮರೆಯದಂತೆ ನೋಡಿಕೊಳ್ಳುವುದೂ ಗುತ್ತಿಗೆದಾರರ ಕೆಲಸವೇ.

ಬಾಳಿಕೆಯ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. ಸಿಮೆಂಟು ಮತ್ತು ಉಕ್ಕು ತಯಾರಾಗಲು ಅಪಾರ ಇಂಧನ ಉರಿಯುತ್ತದೆ. ಬೇಗ ಹಾಳಾಗಿ ಮತ್ತೆ ಕಟ್ಟಬೇಕಾದ ಕೊಠಡಿ ಎಷ್ಟೇ ಕಡಿಮೆ ಕರೆಂಟು ಬಳಸಿದರೂ ಮಿತವ್ಯಯದ್ದಲ್ಲ. ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456:2000 ಕರಾವಳಿಯ ಗಾಳಿಗೆ ತೆರೆದುಕೊಂಡ ಕಾಂಕ್ರೀಟನ್ನು ‘ತೀವ್ರ’ ವರ್ಗಕ್ಕೆ ಸೇರಿಸಿ, ಕನಿಷ್ಠ ಎಂ30 ಎಂಬ ಬಲದ ದರ್ಜೆಯನ್ನೂ ಉಕ್ಕಿನ ಸರಳುಗಳ ಹೊರಗೆ 45 ಮಿ.ಮೀ. ಕಾಂಕ್ರೀಟ್ ಹೊದಿಕೆಯನ್ನೂ ಸೂಚಿಸುತ್ತದೆ. ಈ ಹೊದಿಕೆ ಸಿಗುವುದು ಸರಳುಗಳ ಕೆಳಗಿಡುವ ಪುಟ್ಟ ಕವರ್ ಬ್ಲಾಕ್‌ಗಳಿಂದ. ಅವುಗಳ ಬದಲು ಜಲ್ಲಿ ಚೂರನ್ನೋ ಹೆಂಚಿನ ತುಂಡನ್ನೋ ತುರುಕಿದರೆ, ಕಾಂಕ್ರೀಟ್ ಹಾಕುವಾಗ ಕೆಲಸಗಾರರು ಓಡಾಡಿದಂತೆ ಸರಳು ತಳಕ್ಕೆ ಕೂರುತ್ತದೆ, ಉಪ್ಪಿನ ಗಾಳಿಗೆ ತುಕ್ಕು ಹಿಡಿದು ಉಬ್ಬಿ ಮಕ್ಕಳ ತಲೆಯ ಮೇಲೆಯೇ ಸ್ಲ್ಯಾಬಿನ ಚಕ್ಕೆಗಳನ್ನು ಉದುರಿಸುತ್ತದೆ. ಸ್ಲ್ಯಾಬ್ ಹಾಕುವ ಹಿಂದಿನ ದಿನ ಎಂಜಿನಿಯರರ ಜೊತೆ ನಿಂತು ಇದೊಂದನ್ನು ಕಣ್ಣಾರೆ ನೋಡಿ ಎಂದು ನಾನು ಒತ್ತಾಯಿಸಿ ಹೇಳುತ್ತೇನೆ. ಉಪ್ಪಿನ ಅಂಶವಿರುವ ಮರಳನ್ನು ಯಾವ ಕಾರಣಕ್ಕೂ ಬಳಸಬಾರದು.

ಸಾಮಗ್ರಿಯ ಬದಲಾವಣೆಯಲ್ಲೂ ಎಚ್ಚರ ಅಗತ್ಯ. ಅಂದಾಜುಪಟ್ಟಿಯಲ್ಲಿ ಚಿರೇಕಲ್ಲು ಇದ್ದರೆ ಅದನ್ನು ಉಳಿಸಿಕೊಳ್ಳಿ. ಹತ್ತಿರದಲ್ಲೇ ಸಿಗುವ, ಭಟ್ಟಿಯಲ್ಲಿ ಸುಡಬೇಕಿಲ್ಲದ ಕಲ್ಲು ಅದು. ಹೆಂಚಿನ ಚಾವಣಿಯಿದ್ದಲ್ಲಿ ಬರಿಯ ಲೋಹದ ಶೀಟು ಹೊದಿಸಲು ಒಪ್ಪಬೇಡಿ. ಏಪ್ರಿಲ್‌ನ ಬಿಸಿಲಿಗೆ ಅದು ಕಾಯುವುದಷ್ಟೇ ಅಲ್ಲ, ಜುಲೈನ ಮಳೆ ಅದರ ಮೇಲೆ ಬಡಿಯುವಾಗ ಪಾಠವೇ ಕೇಳಿಸದು.

ಫ್ಯಾನುಗಳ ಲೆಕ್ಕ ಸುಲಭ. ಸಾಮಾನ್ಯ ಫ್ಯಾನು ಸುಮಾರು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ (ಬ್ರಶ್ ಇಲ್ಲದ ಮೋಟಾರಿನ) ಫ್ಯಾನಿಗೆ ಸುಮಾರು 30 ವ್ಯಾಟ್ ಸಾಕು. ಕೊಠಡಿಗೆ ನಾಲ್ಕರಂತೆ ಹನ್ನೆರಡು ಫ್ಯಾನುಗಳು ದಿನಕ್ಕೆ ಆರು ಗಂಟೆ ತಿರುಗಿದರೆ ಮೂರು ಯೂನಿಟ್‌ಗೂ ಹೆಚ್ಚು ಉಳಿಯುತ್ತದೆ. ಕಿಟಕಿಯ ಪಕ್ಕದ ದೀಪಗಳಿಗೆ ಪ್ರತ್ಯೇಕ ಸ್ವಿಚ್ ಬೇಕೆಂದು ವೈರಿಂಗ್ ಆರಂಭವಾಗುವ ಮುನ್ನವೇ ಕೇಳಿ. ಗೋಡೆಗೆ ಗಾರೆಯಾದ ಮೇಲೆ ಅದು ದುಬಾರಿ.

ಒಂದು ಮಾತು ಗಮನದಲ್ಲಿರಲಿ: ಸಮಿತಿಯವರು ಮೇಸ್ತ್ರಿಗೆ ನೇರವಾಗಿ ಆದೇಶ ಕೊಡುವುದು ಸರಿಯಲ್ಲ. ಲೋಪ ಕಂಡರೆ ದಿನಾಂಕ ಹಾಕಿ, ಫೋಟೊ ಸಹಿತ ಇಲಾಖೆಯ ಎಂಜಿನಿಯರರಿಗೆ ಬರೆದುಕೊಡಿ. ಸಾಮಗ್ರಿ ಬದಲಿಸಲು ಗುತ್ತಿಗೆದಾರರು ಮೊದಲೇ ಲಿಖಿತ ಒಪ್ಪಿಗೆ ಪಡೆಯುವಂತೆ ನೋಡಿಕೊಳ್ಳಲು ಆ ಎಂಜಿನಿಯರರನ್ನೇ ಕೇಳಿಕೊಳ್ಳಿ. ದೋಷ ಕಂಡರೆ ಗುತ್ತಿಗೆದಾರರೇ ದುರಸ್ತಿ ಮಾಡಬೇಕಾದ ಅವಧಿ ಎಷ್ಟೆಂದು ಕರಾರಿನಲ್ಲಿ ನೋಡಿಕೊಂಡು, ಅದು ಮುಗಿಯುವುದರೊಳಗೆ ಬರುವ ಮೊದಲ ಮಳೆಗಾಲದಲ್ಲಿ ಪ್ರತಿ ಗೋಡೆ, ಪ್ರತಿ ಕಿಟಕಿಯನ್ನು ಪರೀಕ್ಷಿಸಿ ಸೋರುವ ಜಾಗಗಳ ಪಟ್ಟಿ ಸಲ್ಲಿಸಿ.