ಕಿತ್ತಳೆ ಸುಲಿಯದ ಗಂಡ

ಈ ಸಲ ಬಂದ ಪತ್ರಗಳಲ್ಲಿ ಮೂರನ್ನು ಒಟ್ಟಿಗೆ ಆರಿಸಿಕೊಂಡಿದ್ದೇನೆ. ಮೂರರಲ್ಲೂ ಮನೆಯ ಇಬ್ಬರ ನಡುವೆ ಮೊಬೈಲಿನಲ್ಲಿ ಹರಿದಾಡಿದ ಬುದ್ಧಿಮಾತೊಂದು ಬಂದು ಕುಳಿತಿದೆ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನನಗೆ 29 ವರ್ಷ, ಮದುವೆಯಾಗಿ ಆರು ವರ್ಷ. ಇನ್‌ಸ್ಟಾಗ್ರಾಂನಲ್ಲಿ ಕಿತ್ತಳೆ ಹಣ್ಣಿನ ಪರೀಕ್ಷೆಯ ರೀಲ್ ನೋಡಿದೆ. ‘ಕಿತ್ತಳೆ ಸುಲಿದು ಕೊಡಿ’ ಎಂದು ಗಂಡನನ್ನು ಕೇಳಬೇಕು. ಮರುಮಾತಿಲ್ಲದೆ ಸುಲಿದು ಕೊಟ್ಟರೆ ಪ್ರೀತಿ ಇದೆ ಎಂದರ್ಥವಂತೆ. ನಮ್ಮ ಮನೆಯವರು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾರೆ. ರಾತ್ರಿ ಒಂಬತ್ತೂವರೆಗೆ ಮನೆಗೆ ಬಂದವರನ್ನು ಕೇಳಿದೆ. ‘ನಿನಗೇನು ಕೈ ಇಲ್ಲವೇ?’ ಎಂದು ಸ್ನಾನಕ್ಕೆ ಹೋದರು. ಅದನ್ನೇ ಆ ರೀಲಿನ ಕೆಳಗೆ ಬರೆದೆ. ‘ಈಗಲೇ ಎಚ್ಚರವಾಗು’, ‘ಬಿಟ್ಟು ಬಾ’ ಎಂದು ಇನ್ನೂರಕ್ಕೂ ಹೆಚ್ಚು ಜನ ಉತ್ತರಿಸಿದರು. ಅಷ್ಟೂ ಜನ ತಪ್ಪು ಹೇಳುತ್ತಾರೆಯೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ತಂಗಿ, ನಿಮ್ಮ ಪತ್ರ ನಾಲ್ಕು ಪುಟವಿದೆ. ಇಲ್ಲಿ ಅಚ್ಚಾಗಿರುವುದು ಮೊದಲ ಪುಟದ ಸಾರ ಮಾತ್ರ. ನಿಮ್ಮ ತಾಯಿಗೆ ಶಸ್ತ್ರಚಿಕಿತ್ಸೆಯಾದಾಗ ಆಸ್ಪತ್ರೆಯ ವರಾಂಡದಲ್ಲಿ ಒಂಬತ್ತು ರಾತ್ರಿ ಚಾಪೆ ಹಾಸಿಕೊಂಡು ಮಲಗಿದವರು ಯಾರೆಂದು ಮೂರನೆಯ ಪುಟದಲ್ಲಿ ನೀವೇ ಬರೆದಿದ್ದೀರಿ. ಎರಡು ವರ್ಷಗಳಿಂದ ಅವರು ನಿಮ್ಮ ಜೊತೆ ಕುಳಿತು ಊಟ ಮಾಡಿದ್ದೇ ಅಪರೂಪ, ಏನು ಕೇಳಿದರೂ ‘ಹೂಂ’ ಎಂಬುದೊಂದೇ ಉತ್ತರ ಎಂದು ನಾಲ್ಕನೆಯ ಪುಟದಲ್ಲಿದೆ. ಎರಡೂ ನಿಜ ಎಂದು ನಂಬುತ್ತೇನೆ. ಆ ಇನ್ನೂರು ಜನರಿಗೆ ಎರಡರಲ್ಲಿ ಒಂದೂ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಒಂದು ಹಣ್ಣು, ಒಂದು ಮಾತು.

ಈ ಆಟ 2023ರ ಕೊನೆಯ ಹೊತ್ತಿಗೆ ಟಿಕ್‌ಟಾಕ್‌ನಲ್ಲಿ ಹಬ್ಬಿತು. ನಮ್ಮ ದೇಶದಲ್ಲಿ ಟಿಕ್‌ಟಾಕ್ 2020ರ ಜೂನ್‌ನಿಂದ ನಿಷೇಧದಲ್ಲಿದೆ. ಆದರೂ ಅಲ್ಲಿನ ಆಟಗಳು ಇನ್‌ಸ್ಟಾಗ್ರಾಂ ದಾರಿಯಿಂದ ನಮ್ಮ ಅಡುಗೆಮನೆಗೆ ಬರುತ್ತವೆ. ಆ ಕಾಲದಲ್ಲೇ ಹಬ್ಬಿದ ಇನ್ನೊಂದು ಪರೀಕ್ಷೆ ಹಕ್ಕಿಯದು. ‘ಇವತ್ತು ಒಂದು ಹಕ್ಕಿ ನೋಡಿದೆ’ ಎಂದಾಗ ಗಂಡ ‘ಹೌದೇ, ಯಾವ ಹಕ್ಕಿ?’ ಎಂದು ಕೇಳಿದರೆ ಗೆದ್ದಂತೆ. ಈ ಹಕ್ಕಿಯ ಹಿಂದೆ ಗಟ್ಟಿಯಾದ ಸಂಶೋಧನೆಯೊಂದಿದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಗಾಟ್ಮನ್ ಎಂಬ ಮನೋವಿಜ್ಞಾನಿ ಹೊಸದಾಗಿ ಮದುವೆಯಾದವರನ್ನು ಮನೆಯಂತೆಯೇ ಸಜ್ಜಾದ ಪ್ರಯೋಗಾಲಯದಲ್ಲಿ ಇರಿಸಿ, ಒಬ್ಬರು ಇನ್ನೊಬ್ಬರ ಗಮನ ಬೇಡುವ ಸಣ್ಣ ಸಣ್ಣ ಕರೆಗಳನ್ನು ಎಣಿಸಿದರು. ‘ಇಲ್ಲಿ ನೋಡು’, ‘ಇದನ್ನು ಓದಿದೆಯಾ’ ಎಂಬಂಥವು. ಆರು ವರ್ಷಗಳ ನಂತರ ನೋಡಿದಾಗ, ಜೊತೆಗೇ ಉಳಿದಿದ್ದವರು ಆ ದಿನಗಳಲ್ಲಿ ನೂರಕ್ಕೆ 86 ಕರೆಗಳಿಗೆ ಓಗೊಟ್ಟಿದ್ದರು. ಬೇರೆಯಾದವರು ಓಗೊಟ್ಟದ್ದು ನೂರಕ್ಕೆ 33.

ಈ ಲೆಕ್ಕದಲ್ಲಿ ನನಗೆ ಮುಖ್ಯವೆನಿಸುವುದು ಉಳಿದ ಹದಿನಾಲ್ಕು. ಚೆನ್ನಾಗಿ ಬಾಳಿದವರೂ ನೂರರಲ್ಲಿ ಹದಿನಾಲ್ಕು ಸಲ ಕೇಳಿಸಿಕೊಳ್ಳಲಿಲ್ಲ. ಅಂಥ ಹೊತ್ತಿನಲ್ಲೇ ಯಾರಾದರೂ ಕ್ಯಾಮೆರಾ ಹಿಡಿದಿದ್ದರೆ ಆ ಮದುವೆಯೂ ಸೋತಂತೆ ಕಾಣುತ್ತಿತ್ತು. ರೀಲಿಗೆ ನೂರು ಸಂಜೆಗಳನ್ನು ಎಣಿಸುವ ವ್ಯವಧಾನವಿಲ್ಲ. ಅರ್ಧ ನಿಮಿಷದಲ್ಲಿ ಗೆಲುವೋ ಸೋಲೋ ತೀರ್ಮಾನವಾಗಬೇಕು. ನೋಡಿದ ಕೂಡಲೇ ‘ನಮ್ಮ ಮನೆಯಲ್ಲಿ ಏನಾಗುತ್ತದೆ’ ಎಂದು ಪ್ರತಿಯೊಬ್ಬರಿಗೂ ಅನ್ನಿಸಬೇಕು. ಕಿತ್ತಳೆ ಯಾರ ಮನೆಯಲ್ಲಿಲ್ಲ? ಅದಕ್ಕೇ ಅದು ಸಾಗರ ದಾಟಿ ನಿಮ್ಮವರೆಗೆ ಬಂತು.

ಇನ್ನು ಇನ್ನೂರು ಜನರ ಮಾತು. ಅಮೆರಿಕದಲ್ಲಿ ಆ್ಯನ್ ಲ್ಯಾಂಡರ್ಸ್ ಎಂಬ ಹೆಸರಿನಲ್ಲಿ ಬರುತ್ತಿದ್ದ ಹೆಸರಾಂತ ಅಂಕಣವೊಂದಿತ್ತು. ನನ್ನ ಈ ಪುಟದಂಥದ್ದೇ. 1970ರ ದಶಕದಲ್ಲಿ ಆ ಅಂಕಣಕಾರ್ತಿ, ಇನ್ನೊಮ್ಮೆ ಅವಕಾಶ ಸಿಕ್ಕರೆ ನೀವು ಮಕ್ಕಳನ್ನು ಹೆರುತ್ತೀರಾ ಎಂದು ಓದುಗರನ್ನು ಕೇಳಿದರು. ಸುಮಾರು 10,000 ಉತ್ತರಗಳು ಬಂದವು. ನೂರಕ್ಕೆ ಎಪ್ಪತ್ತು ಮಂದಿ ‘ಇಲ್ಲ’ ಎಂದಿದ್ದರು. ಆಮೇಲೆ ಪತ್ರಿಕೆಯೊಂದು ಓದುಗರು ತಾವಾಗಿ ಬರೆಯಲೆಂದು ಕಾಯದೆ, ತಾನೇ ಪೋಷಕರನ್ನು ಯಾದೃಚ್ಛಿಕವಾಗಿ ಆರಿಸಿ ಕೇಳಿದಾಗ ನೂರಕ್ಕೆ 91 ಮಂದಿ ‘ಹೌದು’ ಎಂದರು. ನೋವುಂಡವರು ಬರೆಯುತ್ತಾರೆ. ಮಕ್ಕಳನ್ನು ಮಲಗಿಸಿ ನೆಮ್ಮದಿಯಿಂದ ನಿದ್ದೆ ಹೋದವರು ಯಾಕೆ ಬರೆದಾರು? ನಿಮಗೆ ‘ಬಿಟ್ಟು ಬಾ’ ಎಂದವರಲ್ಲಿ ಬಹಳ ಮಂದಿ ತಮ್ಮ ಗಂಡನ ಬಗ್ಗೆಯೇ ಮಾತನಾಡಿದ್ದಾರೆ. ಅವರ ನೋವು ಸುಳ್ಳಲ್ಲ. ಆದರೆ ಅದು ನಿಮ್ಮ ಮನೆಯದಲ್ಲ.

ತಂಗಿ, ಈ ಪರೀಕ್ಷೆಯಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿ ಒಂದಿದೆ. ಪರೀಕ್ಷೆಗೆ ಕುಳಿತವನಿಗೆ ತಾನು ಪರೀಕ್ಷೆಗೆ ಕುಳಿತಿದ್ದೇನೆಂಬುದೇ ತಿಳಿದಿರುವುದಿಲ್ಲ. ಹದಿಮೂರು ಗಂಟೆ ಚೀಲಗಳ ಲೆಕ್ಕ ಬರೆದು ಬಂದವರಿಗೆ ಕಿತ್ತಳೆಯಲ್ಲಿ ಕಿತ್ತಳೆಯಷ್ಟೇ ಕಂಡಿರುತ್ತದೆ. ನಿಮಗೆ ಬೇಕಾದದ್ದು ಹಣ್ಣಲ್ಲ. ಜೊತೆಗೆ ಕುಳಿತು ಉಣ್ಣುವ ಒಂದು ಹೊತ್ತು. ಹಾಗಾದರೆ ಅದನ್ನೇ ಕೇಳಿ. ಅಮಾವಾಸ್ಯೆಯ ದಿನ ಗಿರಣಿ ನಿಲ್ಲುತ್ತದೆ ಎಂದು ಬರೆದಿದ್ದೀರಿ. ಅಂದು ತಟ್ಟೆ ಹಾಕುವ ಮೊದಲು, ‘ನಾವು ಎದುರುಬದುರು ಕುಳಿತು ಊಟ ಮಾಡಿ ಎಷ್ಟು ದಿನವಾಯಿತು, ನನಗೆ ಕಷ್ಟವಾಗುತ್ತಿದೆ’ ಎಂದು ಬಾಯಿಬಿಟ್ಟು ಹೇಳಿ. ಅದಕ್ಕೂ ‘ಹೂಂ’ ಎಂದರೆ ಮತ್ತೆ ನನಗೆ ಬರೆಯಿರಿ. ಆಗ ಬೇರೆ ಮಾತನಾಡೋಣ. ರೀಲಿನ ಕೆಳಗೆ ಬರೆದದ್ದನ್ನು ಮಾತ್ರ ಇವತ್ತೇ ಅಳಿಸಿಹಾಕಿ.

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಎರಡು ವರ್ಷಗಳಿಂದ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ದಾಂಪತ್ಯ, ಪ್ರೀತಿಯ ಬಗ್ಗೆ ಕನ್ನಡದಲ್ಲಿ ಬರೆಯುವ ಪುಟ ನಡೆಸುತ್ತಿದ್ದೇನೆ. ಓದಿ, ಯೋಚಿಸಿ ಬರೆದದ್ದಕ್ಕೆ ನೂರು ಲೈಕ್ ಬರುವುದಿಲ್ಲ. ಒಂದು ದಿನ ಬೇಸರದಲ್ಲಿ ‘ತಾಯಿಯ ಸೆರಗು ಬಿಡದ ಗಂಡನ ಜೊತೆ ಬಾಳುವುದಕ್ಕಿಂತ ಒಂಟಿಯಾಗಿರುವುದೇ ಮೇಲು’ ಎಂದು ಒಂದೇ ಸಾಲು ಬರೆದೆ. ಮೂರು ದಿನದಲ್ಲಿ ಆರು ಲಕ್ಷ ಜನ ನೋಡಿದರು. ಇದರ ಗುಟ್ಟೇನು? ಇನ್ನು ಮುಂದೆ ಹೀಗೆಯೇ ಬರೆಯಲೇ?
— ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ತಮ್ಮ, ಕೇಳಿದ್ದಕ್ಕೆ ಸಂತೋಷ. ಬಹಳಷ್ಟು ಮಂದಿ ಕೇಳದೆಯೇ ಹಾಗೆ ಬರೆಯತೊಡಗುತ್ತಾರೆ.

ನಿಮ್ಮ ಸಾಲು ಓದಿದ ಸೊಸೆಗೆ ಸಿಟ್ಟು ಬಂತು, ಗಂಡನ ಮೇಲೆ. ಅತ್ತೆಗೂ ಸಿಟ್ಟು ಬಂತು, ನಿಮ್ಮ ಮೇಲೆ. ಇಬ್ಬರೂ ಅದನ್ನು ಹಂಚಿದರು. ಸಿಟ್ಟು ಸುಮ್ಮನೆ ಕೂರಲು ಬಿಡುವುದಿಲ್ಲ. ಜೋನಾ ಬರ್ಗರ್ ಮತ್ತು ಕ್ಯಾಥರೀನ್ ಮಿಲ್ಕ್‌ಮನ್ ಎಂಬ ಇಬ್ಬರು ಸಂಶೋಧಕರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸುಮಾರು 7,000 ಲೇಖನಗಳನ್ನು ತೆಗೆದುಕೊಂಡು, ಓದುಗರು ಯಾವುದನ್ನು ಇನ್ನೊಬ್ಬರಿಗೆ ಹೆಚ್ಚು ಕಳುಹಿಸಿದರು ಎಂದು ನೋಡಿದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಬೆರಗು, ಸಿಟ್ಟು, ಆತಂಕ ಹುಟ್ಟಿಸಿದವು ಹೆಚ್ಚು ಓಡಿದವು, ದುಃಖ ಹುಟ್ಟಿಸಿದವು ಹಿಂದೆ ಬಿದ್ದವು. ನಿಮ್ಮ ನಿಧಾನದ ಬರಹಗಳು ಯಾಕೆ ನೂರು ದಾಟಲಿಲ್ಲ ಎಂಬುದಕ್ಕೆ ಇಲ್ಲಿ ಸ್ವಲ್ಪ ಉತ್ತರವಿದೆ. ದಾಂಪತ್ಯದ ನಿಜವಾದ ನೋವಿನಲ್ಲಿ ಹೆಚ್ಚಿನದು ದುಃಖವೇ. ದುಃಖಿ ಫೋನನ್ನು ಪಕ್ಕಕ್ಕಿಟ್ಟು ಮಗ್ಗುಲಾಗುತ್ತಾನೆ.

ಯಂತ್ರವೂ ಇದಕ್ಕೆ ಕೈ ಜೋಡಿಸಿತು. 2017ರಿಂದ ಕೆಲವು ಕಾಲ ಫೇಸ್‌ಬುಕ್, ಯಾವ ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸಬೇಕೆಂಬ ತನ್ನ ಲೆಕ್ಕದಲ್ಲಿ, ಸಿಟ್ಟಿನ ಮುಖವೂ ಸೇರಿದಂತೆ ಭಾವಚಿಹ್ನೆಗಳಿಗೆ ಬರಿಯ ಲೈಕಿಗಿಂತ ಐದು ಪಟ್ಟು ತೂಕ ಕೊಟ್ಟಿತ್ತು ಎಂಬುದು 2021ರಲ್ಲಿ ಹೊರಬಿದ್ದ ಕಂಪನಿಯ ಒಳಕಾಗದಗಳಿಂದ ತಿಳಿಯಿತು. ಈಗ ಇನ್‌ಸ್ಟಾಗ್ರಾಂನ ಮುಖ್ಯಸ್ಥ ಆ್ಯಡಮ್ ಮೊಸ್ಸೆರಿ, ನಮ್ಮನ್ನು ಅನುಸರಿಸದವರಿಗೂ ಪೋಸ್ಟ್ ತಲುಪಬೇಕಾದರೆ ಜನ ಅದನ್ನು ಇನ್ನೊಬ್ಬರಿಗೆ ಕಳುಹಿಸುವುದು ಬಹಳ ಮುಖ್ಯ ಎಂದು ಬಹಿರಂಗವಾಗಿಯೇ ಹೇಳಿದ್ದಾರೆ. ನಿಮ್ಮ ಸಾಲನ್ನು ಜನ ಯಾರಿಗೆ ಕಳುಹಿಸಿರಬಹುದು ಎಂದು ಯೋಚಿಸಿ. ಅಕ್ಕನಿಗೆ, ಗೆಳತಿಗೆ, ಮಧ್ಯರಾತ್ರಿ ಪಕ್ಕದಲ್ಲೇ ಮಲಗಿರುವ ಗಂಡನಿಗೆ.

ಇನ್ನೊಂದು ಕಾರಣವಿದೆ. ಎಲ್ಲಕ್ಕಿಂತ ದೊಡ್ಡದು ಇದೇ ಎಂದು ನನ್ನ ನಂಬಿಕೆ. ನಿಮ್ಮ ಸಾಲಿನಲ್ಲಿ ಯಾರೂ ಇಲ್ಲ. ಯಾವ ಗಂಡ? ಪೂರ್ತಿ ಸಂಬಳ ತಾಯಿಯ ಕೈಗೆ ಕೊಟ್ಟು, ಹೆಂಡತಿ ಬಸ್ಸಿನ ಚಾರ್ಜಿಗೆ ಅತ್ತೆಯ ಮುಂದೆ ಕೈಚಾಚುವಂತೆ ಮಾಡಿದವನೇ? ಅಥವಾ ವಾರಕ್ಕೆ ಎರಡು ದಿನ ತಾಯಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುವವನೇ? ಅದನ್ನು ನೀವು ಹೇಳಲಿಲ್ಲ. ಆದ್ದರಿಂದ ಆರು ಲಕ್ಷ ಜನ ಆ ಖಾಲಿ ಜಾಗದಲ್ಲಿ ತಮ್ಮ ತಮ್ಮ ಮನೆಯವರನ್ನು ಕೂರಿಸಿಕೊಂಡರು. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಅಧ್ಯಾಪಕರು ತಮ್ಮ 39 ವಿದ್ಯಾರ್ಥಿಗಳಿಗೆ ‘ಇದು ನಿನ್ನ ಸ್ವಭಾವದ ವಿವರಣೆ’ ಎಂದು ಒಂದೊಂದು ಹಾಳೆ ಕೊಟ್ಟು, ಎಷ್ಟು ಸರಿಯಿದೆ ಎಂದು ಐದಕ್ಕೆ ಅಂಕ ಹಾಕಿಸಿದರು. ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟದ್ದು ಒಂದೇ ಹಾಳೆ. ಅದರ ಸಾಲುಗಳನ್ನು ಅವರು ಜ್ಯೋತಿಷ್ಯದ ಪುಸ್ತಕದಿಂದ ಆರಿಸಿದ್ದರು.

ಮೊಬೈಲ್ ಬರುವುದಕ್ಕೆ ಬಹಳ ಮೊದಲೇ ನಮ್ಮಲ್ಲಿ ಇಂಥ ಸಾಲುಗಳು ಹಬ್ಬಿದ್ದವು. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ.’ ಗಂಡ, ಹೆಂಡಿರ, ಉಂಡು: ಮೂರರಲ್ಲೂ ಎರಡನೆಯ ಅಕ್ಷರ ಪ್ರಾಸವಾಗಿ ಬಡಿಯುತ್ತದೆ. ಪ್ರಾಸವಿರುವ ಮಾತು ಅದೇ ಅರ್ಥದ ಪ್ರಾಸವಿಲ್ಲದ ಮಾತಿಗಿಂತ ಹೆಚ್ಚು ಸತ್ಯವೆಂದು ಜನರಿಗೆ ತೋರುತ್ತದೆ ಎಂದು 2000ದಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ನಮ್ಮ ಅಜ್ಜಿಯರಿಗೆ ಪ್ರಯೋಗ ಬೇಕಿರಲಿಲ್ಲ, ಕಿವಿಯೇ ಸಾಕಿತ್ತು.

ನಾನು 22 ವರ್ಷ ಕುಟುಂಬ ಸಲಹಾ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ಒಂದು ಮಳೆಗಾಲದ ಮಧ್ಯಾಹ್ನ ಮಣಿಕಟ್ಟು ಊದಿಕೊಂಡಿದ್ದ ಹೆಂಗಸೊಬ್ಬಳು ಚಿಕ್ಕಮ್ಮನ ಜೊತೆ ಬಂದಳು. ಹಿಂದಿನ ರಾತ್ರಿ ಗಂಡ ಕೈ ತಿರುಚಿದ್ದ. ಅವಳು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ನನ್ನ ಮೇಜಿನ ಮೇಲೆ ಕೈಯೂರಿ ಆ ಗಾದೆಯನ್ನೇ ಹೇಳಿದಳು. ಹೇಳಿ ಮುಗಿಸಿದ ಮೇಲೆ ಆ ಹುಡುಗಿ ಮಾತನಾಡಲೇ ಇಲ್ಲ. ಸೆರಗಿನಿಂದ ಕೈ ಮುಚ್ಚಿಕೊಂಡಳು. ಚಿಕ್ಕಮ್ಮನನ್ನು ಹೊರಗೆ ಚಹಾ ಕುಡಿಯಲು ಕಳುಹಿಸಿ ಮುಕ್ಕಾಲು ಗಂಟೆ ಕಾದೆ. ಆಮೇಲೆ ಮಾತು ಬಂತು. ಚಿಕ್ಕಮ್ಮ ಕೆಟ್ಟವಳಾಗಿರಲಿಲ್ಲ. ಆ ಗಾದೆ ಅವಳ ಸಂಸಾರಕ್ಕೆ ಸರಿಯಾಗಿಯೇ ಹೊಂದಿತ್ತು. ನಿಮ್ಮ ಸಾಲನ್ನು ಓದಿದಾಗ ನನಗೆ ಆ ಕೈ ನೆನಪಾಯಿತು. ‘ಹೊಂದಿಕೊಂಡು ಹೋಗು’ ಎಂದು ಎಲ್ಲರಿಗೂ ಹೇಳುವುದು, ‘ಬಿಟ್ಟು ಬಾ’ ಎಂದು ಎಲ್ಲರಿಗೂ ಹೇಳುವುದು, ನನ್ನ ಮಟ್ಟಿಗೆ ಎರಡೂ ಒಂದೇ ಅಪರಾಧ.

ಹಾಗೆಂದು ಸಿಟ್ಟು ಮಾತ್ರ ಓಡುತ್ತದೆ ಎಂದು ಕೈಚೆಲ್ಲಬೇಡಿ. 2015ರ ಜನವರಿಯಲ್ಲಿ ಮ್ಯಾಂಡಿ ಲೆನ್ ಕ್ಯಾಟ್ರನ್ ಎಂಬ ಲೇಖಕಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಪ್ರಬಂಧ ಬರೆದರು. ಮನೋವಿಜ್ಞಾನಿ ಆರ್ಥರ್ ಏರನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ್ದ 36 ಪ್ರಶ್ನೆಗಳನ್ನು ಆಕೆ ಪರಿಚಯದ ಒಬ್ಬರ ಜೊತೆ ಕುಳಿತು ಪರಸ್ಪರ ಕೇಳಿಕೊಂಡರು, ನಾಲ್ಕು ನಿಮಿಷ ಒಬ್ಬರ ಕಣ್ಣನ್ನೊಬ್ಬರು ನೋಡುತ್ತಾ ನಿಂತರು, ಮುಂದೆ ಇಬ್ಬರಿಗೂ ಪ್ರೀತಿಯಾಯಿತು. ಆ ಬರಹ ಜಗತ್ತನ್ನೇ ಸುತ್ತಿತು. ಅದರಲ್ಲಿ ತೀರ್ಪು ಇರಲಿಲ್ಲ. ಇಬ್ಬರು ಎದುರುಬದುರು ಕುಳಿತು ಮಾಡಬಹುದಾದ ಒಂದು ಕೆಲಸವಿತ್ತು, ಅದನ್ನು ಮಾಡಿ ನೋಡಿದ ಒಬ್ಬ ಹೆಣ್ಣುಮಗಳ ಸ್ವಂತ ಅನುಭವವಿತ್ತು.

ನಿಮ್ಮ ಸೆರಗಿನ ಸಾಲನ್ನು ಮತ್ತೆ ಕೈಗೆತ್ತಿಕೊಳ್ಳಿ. ಒಂದು ಮನೆಯನ್ನು ಆರಿಸಿಕೊಳ್ಳಿ. ಎಷ್ಟು ಕೋಣೆ, ಸಂಬಳ ಎಷ್ಟು, ಅದು ಯಾರ ಕೈಗೆ ಹೋಗುತ್ತದೆ, ರಾತ್ರಿ ಅತ್ತೆ ಎಲ್ಲಿ ಮಲಗುತ್ತಾರೆ ಎಂದು ಬರೆಯಿರಿ. ಕೊನೆಯಲ್ಲಿ ತೀರ್ಪು ಕೊಡದೆ, ಗಂಡ ಹೆಂಡತಿ ಅಂದು ರಾತ್ರಿಯೇ ಮಾತನಾಡಬಹುದಾದ ಒಂದು ಪ್ರಶ್ನೆ ಇಡಿ. ಆರು ಲಕ್ಷ ಬಾರದಿರಬಹುದು. ಬರೆದ ಮೇಲೆ ನನಗೂ ಕಳುಹಿಸಿ, ಓದುವ ಆಸೆಯಿದೆ.

ಪ್ರಶ್ನೆ: ನನಗೆ 58 ವರ್ಷ. ಒಬ್ಬಳೇ ಮಗಳು, ಮದುವೆಯಾಗಿ ಪುಣೆಯಲ್ಲಿದ್ದಾಳೆ. ಒಂದು ತಿಂಗಳಿಂದ ರಾತ್ರಿ ಹನ್ನೊಂದರ ನಂತರ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ‘ಮೌನವಾಗಿರುವವಳು ಸೋತವಳಲ್ಲ’ ಎಂಬಂಥ ಸಾಲುಗಳನ್ನು ಹಾಕುತ್ತಿದ್ದಾಳೆ. ಫೋನಿನಲ್ಲಿ ಮಾತ್ರ ‘ಚೆನ್ನಾಗಿದ್ದೇನೆ ಅಮ್ಮ’ ಎನ್ನುತ್ತಾಳೆ. ಕೇಳಲೇ, ಸುಮ್ಮನಿರಲೇ?
— ಒಬ್ಬ ತಾಯಿ, ಸಾಗರ

ಉತ್ತರ: ಕೇಳಿ. ಸ್ಟೇಟಸ್ ಎಂದರೆ ವಿಳಾಸ ಬರೆಯದೆ ಡಬ್ಬಿಗೆ ಹಾಕಿದ ಪತ್ರ. ಸ್ವಂತ ಮಾತಿಗೆ ಧೈರ್ಯ ಸಾಲದಾಗ ಬೇರೆಯವರ ಸಾಲು ಕೈಗೆ ಸಿಗುತ್ತದೆ. ಎಲ್ಲರೂ ಹಾಕುವ ಸಾಲು ಎಂದು ಹೇಳಿ ತಪ್ಪಿಸಿಕೊಳ್ಳಲೂ ಬರುತ್ತದೆ. ಆದ್ದರಿಂದ ಆ ಸಾಲಿನ ಬಗ್ಗೆ ಕೇಳಬೇಡಿ, ಅವಳು ‘ಸುಮ್ಮನೆ ಹಾಕಿದೆ’ ಎನ್ನುತ್ತಾಳೆ. ‘ಹನ್ನೊಂದಾದರೂ ನಿನಗೆ ನಿದ್ದೆ ಬಂದಿರುವುದಿಲ್ಲವಲ್ಲ, ಯಾಕೆ ಮಗಾ’ ಎಂದು ಕೇಳಿ. ಕೇಳಿದ ಮೇಲೆ ನೀವು ಸುಮ್ಮನಿರಿ. ಅತ್ತರೆ ಅಳಲು ಬಿಡಿ. ಯಾರಾದರೂ ಅವಳ ಮೇಲೆ ಕೈ ಮಾಡುತ್ತಿದ್ದಾರೆಂದು ತಿಳಿದರೆ ಮಹಿಳಾ ಸಹಾಯವಾಣಿ 181 ಇದೆ. ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲೂ ಮಾತನಾಡುತ್ತಾರೆ. ಎರಡೂ ಸಂಖ್ಯೆಗಳನ್ನು ಬರೆದು ಹತ್ತಿರವಿಟ್ಟುಕೊಳ್ಳಿ, ಮೊದಲ ಮಾತಿನಲ್ಲೇ ಹೇಳಬೇಡಿ.

ಅವಳಿಗೆ ಬುಧವಾರ ರಜೆ, ಅಳಿಯ ಮಂಗಳವಾರ ರಾತ್ರಿಪಾಳಿಗೆ ಹೋಗುತ್ತಾರೆ ಎಂದು ಬರೆದಿದ್ದೀರಿ. ಮಂಗಳವಾರ ರಾತ್ರಿ ಹನ್ನೊಂದಕ್ಕೇ ಕರೆ ಮಾಡಿ.