ಸ್ವೀಡಿಶ್ ಕಲಿಯುವವರಿಗೆ ಮೊದಲು ಬೇಕಾದದ್ದು ಪುಸ್ತಕವಲ್ಲ

ಸ್ವೀಡಿಶ್, ನಾರ್ವೇಜಿಯನ್, ಡ್ಯಾನಿಶ್ ಭಾಷೆಗಳನ್ನು ಇಂಗ್ಲಿಷ್ ಮೂಲಕ ಮನೆಯಲ್ಲೇ ಕಲಿಯಲು ಯಾವ ಪುಸ್ತಕ, ಯಾವ ಆ್ಯಪ್ ಒಳ್ಳೆಯದು, ವೀಸಾ ಕೈಗೆ ಬರುವಷ್ಟರಲ್ಲಿ ಎಷ್ಟು ಕಲಿಯಬಹುದು ಎಂದು ಕೇಳಿದ್ದೀರಿ. ನನ್ನ ಪತಿಗೆ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಕೆಲಸ ಸಿಕ್ಕಾಗ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ನಾನೂ ಇದನ್ನೇ ಹುಡುಕುತ್ತಿದ್ದೆ. ಸಾಮಗ್ರಿ ಬೇಕಾದಷ್ಟು ಸಿಕ್ಕಿತು, ಅದರಲ್ಲಿ ಕೆಟ್ಟದ್ದು ಯಾವುದೂ ಇರಲಿಲ್ಲ. ಆದರೂ ನಾನು ಕಲಿತದ್ದನ್ನು ಅರ್ಧದಷ್ಟು ಅಳಿಸಿ ಮತ್ತೆ ಕಲಿಯಬೇಕಾಯಿತು. ಆದ್ದರಿಂದ ಪಟ್ಟಿ ಕೊಡುವ ಮೊದಲು ಆದದ್ದನ್ನು ಹೇಳುತ್ತೇನೆ.

ಕಾಯುವ ತಿಂಗಳುಗಳಲ್ಲಿ ನಾನು ಓದಿದ್ದೆಲ್ಲ ಕಣ್ಣಿನಿಂದ. ಪಾಳಿಯ ನಡುವಿನ ಬಿಡುವಿನಲ್ಲಿ, ಬಸ್ಸಿನಲ್ಲಿ, ಮಗು ಮಲಗಿದ ಮೇಲೆ, ಪಕ್ಕದವರಿಗೆ ತೊಂದರೆಯಾಗದಿರಲೆಂದು ಫೋನಿನ ದನಿಯನ್ನು ಪೂರ್ತಿ ಆರಿಸಿಟ್ಟು ಆ್ಯಪ್‌ನ ಪಾಠಗಳನ್ನು ಮುಗಿಸುತ್ತಿದ್ದೆ. ಇಂಗ್ಲಿಷ್ ಮಾಧ್ಯಮದ ವ್ಯಾಕರಣ ಪುಸ್ತಕವೊಂದನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಪದಗಳನ್ನು ಚೀಟಿಗಳಲ್ಲಿ ಬರೆದು ಬಾಯಿಪಾಠ ಮಾಡಿದೆ. ಹೊರಡುವ ಹೊತ್ತಿಗೆ ಸರಳವಾದ ಸುದ್ದಿಯನ್ನು ಓದಿ ಅರ್ಥಮಾಡಿಕೊಳ್ಳಬಲ್ಲವಳಾಗಿದ್ದೆ. ಲಿಪಿ ರೋಮನ್ ಆದ್ದರಿಂದ ಪ್ರತಿ ಅಕ್ಷರಕ್ಕೂ ಇಂಗ್ಲಿಷಿನಲ್ಲಿ ರೂಢಿಯಾದ ಉಚ್ಚಾರಣೆಯನ್ನೇ ಮನಸ್ಸು ತಾನಾಗಿ ಕೊಡುತ್ತಾ ಹೋಯಿತು, ಅದನ್ನು ತಿದ್ದಬೇಕಾದ ದನಿಯನ್ನು ನಾನೇ ಮುಚ್ಚಿಟ್ಟಿದ್ದೆ.

ಇದರಲ್ಲಿ ಏನು ಕೆಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಗ್ಲಿಷಿನ ಟಿ, ಡಿ ಅಕ್ಷರಗಳನ್ನು ನಾವು ಕನ್ನಡಿಗರು ಟ, ಡ ಎಂದೇ ಓದುತ್ತೇವೆ. ಟೇಬಲ್, ಡಾಕ್ಟರ್ ಎಂದು ಹೇಳಿ ನಮಗೆ ಅಭ್ಯಾಸ. ಸ್ವೀಡಿಶ್‌ನಲ್ಲಿ ಅವೇ ಅಕ್ಷರಗಳು ನಾಲಿಗೆ ಹಲ್ಲಿಗೆ ತಾಗಿ ಹುಟ್ಟುವ ತ ಮತ್ತು ದ. ಇಂಗ್ಲಿಷಿನಲ್ಲಿ ವ್ಯಂಜನವನ್ನು ಎರಡು ಸಲ ಬರೆದಿದ್ದರೂ ಒಂದೇ ಸಲ ನುಡಿಯುತ್ತೇವೆ, ಹಾಗಾಗಿ ಜೋಡಿ ಅಕ್ಷರ ಕಂಡರೆ ಕಣ್ಣು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸ್ವೀಡಿಶ್‌ನಲ್ಲಿ ಹಾಗೆ ಜೋಡಿಯಾಗಿ ಬರೆದರೆ ಹಿಂದಿನ ಸ್ವರ ಹ್ರಸ್ವ, ವ್ಯಂಜನಕ್ಕೆ ಒತ್ತು. ಒಂಟಿಯಾಗಿ ಬರೆದರೆ ಸಾಮಾನ್ಯವಾಗಿ ಸ್ವರ ದೀರ್ಘ. ಓ ಎಂದು ನಾವು ಓದುವ ಅಕ್ಷರ ಅಲ್ಲಿ ಬಹಳ ಕಡೆ ಊ ಆಗುತ್ತದೆ. ಪುಸ್ತಕಕ್ಕೆ ಅವರು ಬೂಕ್ ಎನ್ನುತ್ತಾರೆ, ಕುರ್ಚಿಗೆ ಸ್ತೂಲ್ ಎನ್ನುತ್ತಾರೆ; ನನ್ನ ತಲೆಯಲ್ಲಿ ಅವು ಬೋಕ್, ಸ್ಟೋಲ್ ಎಂದು ಕುಳಿತಿದ್ದವು. ನಿಯಮಗಳೆಲ್ಲ ಪುಸ್ತಕದ ಮೊದಲ ಅಧ್ಯಾಯದಲ್ಲೇ ಇದ್ದವು, ನಾನು ಓದಿಯೂ ಇದ್ದೆ. ಓದಿ ತಿಳಿದ ನಿಯಮ ನಾಲಿಗೆಗೆ ಇಳಿಯುವುದಿಲ್ಲ.

ಅಲ್ಲಿಗೆ ಹೋದ ಮೇಲೆ ತಪ್ಪು ಇನ್ನಷ್ಟು ಬೇರೂರಿತು. ವಲಸೆ ಬಂದವರಿಗಾಗಿ ಅಲ್ಲಿನ ನಗರಾಡಳಿತಗಳು ನಡೆಸುವ ಉಚಿತ ಸ್ವೀಡಿಶ್ ತರಗತಿಗೆ ಎಸ್‌ಎಫ್‌ಐ ಎನ್ನುತ್ತಾರೆ. ಅದರಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಹಂತಗಳಿದ್ದು, ಸೇರುವಾಗ ನಿಮ್ಮ ಮಟ್ಟವನ್ನು ಪರೀಕ್ಷಿಸುತ್ತಾರೆ. ಓದು, ಬರಹ ಚೆನ್ನಾಗಿದ್ದುದರಿಂದ ನನ್ನನ್ನು ನೇರವಾಗಿ ಡಿ ಹಂತಕ್ಕೆ ಹಾಕಿದರು, ನಾನು ಹಿಗ್ಗಿದೆ. ಸ್ವರ, ವ್ಯಂಜನಗಳನ್ನು ಬಾಯಿ ಬಿಟ್ಟು ಹೇಳಿಸುವ ಕೆಳಗಿನ ಹಂತದ ಪಾಠಗಳು ನನಗೆ ತಪ್ಪಿಹೋದವು. ತರಗತಿಯಲ್ಲಿ ಇದ್ದವರೆಲ್ಲ ವಲಸಿಗರೇ ಆದ್ದರಿಂದ ಒಬ್ಬರ ಉಚ್ಚಾರಣೆಯನ್ನು ಇನ್ನೊಬ್ಬರು ಹೇಗೋ ಊಹಿಸಿಕೊಳ್ಳುತ್ತಿದ್ದೆವು. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ನಾನು ಬಾಯಿ ತೆರೆದ ಕೂಡಲೇ ಎದುರಿನವರು ಇಂಗ್ಲಿಷಿಗೆ ಹೊರಳುತ್ತಿದ್ದರು. ಅದನ್ನು ನಾನು ಅವರ ಸೌಜನ್ಯವೆಂದುಕೊಂಡೆ. ನನ್ನ ಮಾತು ಅರ್ಥವಾಗದೆ ಹೊರಳುತ್ತಿದ್ದಾರೆ ಎಂದು ಹೊಳೆಯಲೇ ಇಲ್ಲ.

ನರ್ಸ್ ಪರವಾನಗಿ ಬರುವವರೆಗೆ ವೃದ್ಧಾಶ್ರಮವೊಂದರಲ್ಲಿ ಆರೈಕೆ ಸಹಾಯಕಿಯ ಕೆಲಸಕ್ಕೆ ಸೇರಿದೆ. ಅಲ್ಲಿದ್ದ ಹಿರಿಯರಲ್ಲಿ ಹಲವರಿಗೆ ಕಿವಿ ಮಂದ, ಕೆಲವರಿಗೆ ಮರೆವಿನ ಕಾಯಿಲೆ. ಇಂಗ್ಲಿಷಿಗೆ ಹೊರಳಿ ನನ್ನನ್ನು ಪಾರುಮಾಡುವವರು ಅಲ್ಲಿ ಯಾರೂ ಇರಲಿಲ್ಲ. ಒಂದು ಮಧ್ಯಾಹ್ನ ಊಟದ ನಂತರ ಅಜ್ಜಿಯೊಬ್ಬರನ್ನು ಗಾಲಿಕುರ್ಚಿಯಲ್ಲಿ ಕೋಣೆಗೆ ಕರೆತಂದು, ಸ್ವಲ್ಪ ಹೊತ್ತು ವಿಶ್ರಮಿಸುತ್ತೀರಾ ಎಂದು ಕೇಳಲು ಹೊರಟೆ. ವಿಶ್ರಮಿಸುವುದಕ್ಕೆ ಸ್ವೀಡಿಶ್‌ನಲ್ಲಿ ವೀಲ ಎನ್ನಬೇಕು, ಈಕಾರ ದೀರ್ಘ. ನಾನು ಹ್ರಸ್ವವಾಗಿ ನುಡಿದದ್ದು ಅವರಿಗೆ ವಿಲ್ಲ ಎಂದು ಕೇಳಿಸಿತು, ಅಂದರೆ ಸ್ವಂತ ಮನೆ. ಮನೆ ಬಿಟ್ಟು ಬಂದು ಬಹಳ ಕಾಲವಾಗಿರದ ಆ ಅಜ್ಜಿ, ತಮ್ಮನ್ನು ಮನೆಗೆ ಕರೆದೊಯ್ಯುತ್ತಾರೆಂದು ತಿಳಿದು, ಕೋಟು ಎಲ್ಲಿ, ಬೀಗದ ಕೈ ಎಲ್ಲಿ ಎಂದು ಕೇಳತೊಡಗಿದರು. ನಾನು ಅದೇ ಪದವನ್ನು ಇನ್ನೂ ಗಟ್ಟಿಯಾಗಿ ಮತ್ತೆ ಮತ್ತೆ ಹೇಳಿದೆ. ಸಹೋದ್ಯೋಗಿಯೊಬ್ಬರು ಬಂದು ಅವರ ಕೈ ಹಿಡಿದು ಕುಳಿತು ಸಮಾಧಾನ ಮಾಡುವವರೆಗೆ ಅವರ ಅಳು ನಿಲ್ಲಲಿಲ್ಲ.

ನನ್ನ ತಾತ್ಕಾಲಿಕ ಅವಧಿ ಮುಗಿದಾಗ ಅದನ್ನು ಮುಂದುವರಿಸಲಿಲ್ಲ. ಮೇಲ್ವಿಚಾರಕಿ ಪ್ರೀತಿಯಿಂದಲೇ ಹೇಳಿದರು: ಕೆಲಸ ಚೆನ್ನಾಗಿ ಗೊತ್ತಿದೆ, ಬರಹವೂ ಸರಿಯಾಗಿದೆ, ಆದರೆ ನೀವು ಹೇಳುವುದು ಇಲ್ಲಿನವರಿಗೆ ತಿಳಿಯುತ್ತಿಲ್ಲ. ಐರೋಪ್ಯ ಒಕ್ಕೂಟದ ಹೊರಗೆ ಓದಿದ ನರ್ಸ್‌ಗಳಿಗೆ ಪರವಾನಗಿ ಕೊಡುವ ಸೊಸಿಯಾಲ್‌ಸ್ತ್ಯೂರೆಲ್ಸೆನ್ ಎಂಬ ಸರ್ಕಾರಿ ಸಂಸ್ಥೆ ಯುರೋಪಿನ ಭಾಷಾ ಮಾಪಕದಲ್ಲಿ ಮೇಲ್ಮಟ್ಟವಾದ ಸಿ1ರ (ಎಸ್‌ಎಫ್‌ಐನ ಸಿ ಹಂತವಲ್ಲ) ಸ್ವೀಡಿಶ್ ಕೇಳುತ್ತದೆ, ಜ್ಞಾನ ಪರೀಕ್ಷೆಯ ಪ್ರಾಯೋಗಿಕ ಭಾಗದಲ್ಲಿ ಸ್ವೀಡಿಶ್ ಮಾತನಾಡಿಯೇ ಕೆಲಸ ಮಾಡಿ ತೋರಿಸಬೇಕು. ಆ ದಾರಿಯಲ್ಲಿ ನಾನು ಹೆಚ್ಚುಕಡಿಮೆ ಒಂದು ವರ್ಷ ಹಿಂದೆ ಬಿದ್ದೆ. ಗೊತ್ತಿಲ್ಲದ್ದನ್ನು ಹೊಸದಾಗಿ ಕಲಿಯಲು ಅಷ್ಟು ಕಾಲ ಹಿಡಿಯಲಿಲ್ಲ, ಗೊತ್ತಿದೆ ಎಂದುಕೊಂಡಿದ್ದ ಸಾವಿರಾರು ಪದಗಳನ್ನು ಒಂದೊಂದಾಗಿ ತಿದ್ದಿಕೊಳ್ಳಲು ಹಿಡಿಯಿತು.

ನನ್ನನ್ನು ದಡ ಸೇರಿಸಿದ್ದು ಗ್ರಂಥಾಲಯದ ಭಾಷಾ ಕೆಫೆ. ಸ್ವೀಡನ್ನಿನ ಅನೇಕ ಊರುಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸ್ಥಳೀಯರು, ಹೆಚ್ಚಾಗಿ ನಿವೃತ್ತರು, ವಾರದಲ್ಲಿ ಗೊತ್ತಾದ ಹೊತ್ತಿಗೆ ಕಾಫಿ ಕುಡಿಯುತ್ತಾ ವಲಸಿಗರೊಡನೆ ಮಾತನಾಡಲು ಕೂರುತ್ತಾರೆ. ಅಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ವೀಲ ಮತ್ತು ವಿಲ್ಲ ಎರಡನ್ನೂ ಒಂದರ ಹಿಂದೊಂದು ಹೇಳಿದಾಗ, ನನ್ನ ಕಿವಿಗೆ ಅದು ಕಾಲು ಮತ್ತು ಕಲ್ಲು ಎಂದಷ್ಟೇ ಸ್ಪಷ್ಟವಾಗಿ ಕೇಳಿಸಿತು. ಹಾಲು, ಹಲ್ಲು, ಕಾಲು, ಕಲ್ಲು: ದೀರ್ಘ ಸ್ವರ ಬಂದರೆ ಒತ್ತಿಲ್ಲ, ಒತ್ತು ಬಂದರೆ ಸ್ವರ ಹ್ರಸ್ವ. ಈ ವ್ಯತ್ಯಾಸವನ್ನು ನಾನು ಬಾಲ್ಯದಿಂದ ಬಲ್ಲೆ, ಇಂಗ್ಲಿಷ್ ಕಣ್ಣಿನಿಂದ ಓದಿದ್ದರಿಂದ ಅದು ನನಗೆ ಕಾಣದೇ ಹೋಗಿತ್ತು. ಅಂದಿನಿಂದ ಒಂದು ನೋಟ್‌ಬುಕ್‌ನಲ್ಲಿ ಸ್ವೀಡಿಶ್ ಪದಗಳನ್ನು ಕೇಳಿದ ಹಾಗೆ ಕನ್ನಡ ಲಿಪಿಯಲ್ಲಿ ಬರೆಯತೊಡಗಿದೆ. ಚಾವಣಿ ತಾಕ್, ಧನ್ಯವಾದ ತಕ್ಕ್. ಲೋಟ ಗ್ಲಾಸ್, ಐಸ್‌ಕ್ರೀಂ ಗ್ಲಸ್ಸ್.

ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಸ್ವೀಡನ್ನಿನ ಹೆಚ್ಚಿನ ಭಾಗಗಳ ಮಾತಿನಲ್ಲಿ ರಕಾರದ ಬೆನ್ನಿಗೆ ತ, ದ, ನ, ಸ ಬಂದರೆ ರಕಾರ ಕರಗಿ, ಮುಂದಿನ ಅಕ್ಷರ ನಮ್ಮ ಟ, ಡ, ಣ, ಷ ಆಗಿ ಹೊರಳುತ್ತದೆ. ಮೇಜಿಗೆ ಬೂಡ್, ಮಗುವಿಗೆ ಬಾಣ್. ಧೈರ್ಯಕ್ಕೆ ಮೂದ್ ಎನ್ನುತ್ತಾರೆ, ಕೊಲೆಗೆ ಮೂಡ್ ಎನ್ನುತ್ತಾರೆ. ಎರಡನೆಯದರ ಬರಹದಲ್ಲಿ ರಕಾರವಿದೆ, ಮಾತಿನಲ್ಲಿ ಅದರ ಗುರುತಾಗಿ ಡಕಾರವೊಂದೇ ಉಳಿದಿದೆ. ಪದ ಪದದ ನಡುವೆಯೂ ಇದು ನಡೆಯುತ್ತದೆ. ನೋವಿದೆಯೇ ಎಂದು ರೋಗಿಯನ್ನು ಕೇಳುವಾಗ ಬರಹದಲ್ಲಿ ಹಾರ್ ದು ಎಂದಿರುವುದು ಬಾಯಲ್ಲಿ ಹಾಡು ಎಂಬಂತೆ ಬರುತ್ತದೆ. ಇಂಗ್ಲಿಷ್ ಮಾತೃಭಾಷೆಯವರು ಈ ಧ್ವನಿಗಳಿಗಾಗಿ ಬಹಳ ಹೆಣಗುತ್ತಾರೆ. ನಮಗೆ ಅಕ್ಷರಮಾಲೆಯಲ್ಲೇ ಇವೆ. ಹಾಗಿದ್ದೂ ಇಂಗ್ಲಿಷ್ ಮೂಲಕ ಕಲಿಯುವ ಕನ್ನಡಿಗರು ಇವನ್ನು ತಲೆಕೆಳಗಾಗಿಸಿಕೊಳ್ಳುತ್ತೇವೆ, ತ ಬೇಕಾದ ಕಡೆಯಲ್ಲೆಲ್ಲ ಟ ಹಾಕಿ, ಟ ಬೇಕಾದ ಕಡೆ ರಕಾರವನ್ನು ಬಿಡಿಸಿ ಓದುತ್ತೇವೆ.

ಕನ್ನಡ ಲಿಪಿಯಲ್ಲಿ ಎಲ್ಲವೂ ಹಿಡಿಯುವುದಿಲ್ಲ ಎಂಬುದು ನಿಜ. ತುಟಿಯನ್ನು ಊ ಎನ್ನುವಂತೆ ದುಂಡಗೆ ಮಾಡಿ ಈ ಎಂದು ಹೇಳಬೇಕಾದ ಸ್ವರ ಒಂದಿದೆ, ಅದಕ್ಕೆ ನಾನೇ ಗುರುತು ಮಾಡಿಕೊಂಡೆ. ನರ್ಸ್ ಎಂಬುದರ ಸ್ವೀಡಿಶ್ ಪದದಲ್ಲಿ ಎರಡು ಕಡೆ ಬರುವ, ಹ ಮತ್ತು ಶ ನಡುವಿನ ಗಾಳಿಯಂಥ ಧ್ವನಿಯನ್ನು ಕೇಳಿಯೇ ಕಲಿಯಬೇಕು, ಅದೇ ಪದದ ಕೊನೆಯ ಷ್ಕ ಮಾತ್ರ ನಮಗೆ ಸಲೀಸು. ಪದದೊಳಗೆ ರಾಗದಂತೆ ಬರುವ ದನಿಯ ಏರಿಳಿತದ ಬಗ್ಗೆ ಪುಸ್ತಕಗಳು ಹೆದರಿಸುತ್ತವೆ, ಅದಕ್ಕೆ ಹೆದರಬೇಡಿ. ಫಿನ್ಲೆಂಡಿನ ಸ್ವೀಡಿಶ್ ಭಾಷಿಕರಲ್ಲಿ ಬಹುಪಾಲು ಜನ ಆ ಏರಿಳಿತವಿಲ್ಲದೆಯೇ ಮಾತನಾಡುತ್ತಾರೆ, ಅವರ ಮಾತು ಎಲ್ಲರಿಗೂ ತಿಳಿಯುತ್ತದೆ.

ಈಗ ಸಾಮಗ್ರಿಯ ವಿಷಯ. ಭಾರತದಲ್ಲಿ ಕುಳಿತು ಆರಂಭಿಸಲು ಸ್ವೀಡಿಶ್ ಇನ್‌ಸ್ಟಿಟ್ಯೂಟ್‌ನ ‘ಲರ್ನಿಂಗ್ ಸ್ವೀಡಿಶ್’ ಎಂಬ ಉಚಿತ ಆನ್‌ಲೈನ್ ಕೋರ್ಸ್ ಸಾಕು. ಪಠ್ಯಪುಸ್ತಕ ಬೇಕೆಂದರೆ ನಾತೂರ್ ಓ ಕುಲ್ತೂರ್ ಪ್ರಕಾಶನದ ‘ರಿವ್‌ಸ್ಟಾರ್ಟ್’ ಸರಣಿಯನ್ನು ಕೊಳ್ಳಿ. ಅದು ಮೊದಲ ಪುಟದಿಂದ ಸ್ವೀಡಿಶ್‌ನಲ್ಲೇ ಇದೆ, ನಡುವೆ ಇಂಗ್ಲಿಷ್ ಇಲ್ಲ ಎಂಬುದನ್ನೇ ನಾನು ಅದರ ಗುಣವೆಂದು ಎಣಿಸುತ್ತೇನೆ. ಜೊತೆಗಿನ ಧ್ವನಿಮುದ್ರಣವನ್ನು ಬಿಟ್ಟು ಓದಿದರೆ ಮಾತ್ರ ಕೊಂಡ ದುಡ್ಡು ದಂಡ. ಸ್ವೀಡನ್ನಿನ ಸಾರ್ವಜನಿಕ ರೇಡಿಯೋ ಸರಳ ಸ್ವೀಡಿಶ್‌ನಲ್ಲಿ ನಿಧಾನವಾಗಿ ಸುದ್ದಿ ಓದುತ್ತದೆ, ಭಾರತದಲ್ಲೂ ಕೇಳಬಹುದು, ಪಠ್ಯವೂ ಜೊತೆಗಿರುತ್ತದೆ. ಮೊದಲು ಪಠ್ಯ ನೋಡದೆ ಕೇಳಿ, ಕೇಳಿಸಿದ್ದನ್ನು ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ಪಠ್ಯದೊಡನೆ ಹೋಲಿಸಿ. ನನ್ನ ಕಿವಿ ತೆರೆದದ್ದು ಈ ಒಂದೇ ಅಭ್ಯಾಸದಿಂದ. 1984ರಿಂದ ಬರುತ್ತಿರುವ ‘8 ಸೀದೊರ್’ ಎಂಬ ಸುಲಭ ಭಾಷೆಯ ಪತ್ರಿಕೆಯನ್ನೂ ಹೀಗೆಯೇ ಗಟ್ಟಿಯಾಗಿ ಓದಬಹುದು. ನಿಘಂಟಿಗೆ ‘ಲೆಕ್ಸಿನ್’ ಇದೆ. ವಲಸಿಗರಿಗಾಗಿ ಹಲವು ಭಾಷೆಗಳಲ್ಲಿ ಮಾಡಿದ ಅದರಲ್ಲಿ ಕನ್ನಡವಿಲ್ಲ, ಆದರೆ ಪದದ ಉಚ್ಚಾರಣೆಯನ್ನು ಕೇಳಿಸಿಕೊಳ್ಳಬಹುದು. ಇನ್ನು ಆ್ಯಪ್‌ಗಳು. ಡ್ಯುಯೊಲಿಂಗೋದಲ್ಲಿ ಮೂರೂ ಭಾಷೆಗಳಿವೆ. ದನಿ ಹಾಕಿಕೊಂಡು, ಪ್ರತಿ ವಾಕ್ಯವನ್ನು ಬಾಯಿಬಿಟ್ಟು ಹೇಳುವುದಾದರೆ ಬಳಸಿ, ಇಲ್ಲವಾದರೆ ಆ ಹೊತ್ತಿನಲ್ಲಿ ರೇಡಿಯೋ ಕೇಳುವುದು ಮೇಲು.

ಮೂರು ಭಾಷೆಗಳೂ ಒಂದೇ ಥರ, ಒಂದನ್ನು ಕಲಿತರೆ ಉಳಿದವೂ ಬಂದಂತೆ ಎಂಬ ನಿಮ್ಮ ಲೆಕ್ಕಾಚಾರವನ್ನು ನಾನು ಒಪ್ಪುವುದಿಲ್ಲ. ಅದೂ ಕಣ್ಣಿನಿಂದ ಓದುವವರ ಲೆಕ್ಕವೇ. ನಾರ್ವೆ 1814ರವರೆಗೆ ಡೆನ್ಮಾರ್ಕಿನ ಅರಸರ ಕೈಕೆಳಗಿತ್ತು, ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಬೂಕ್‌ಮೋಲ್ ಎಂಬ ಬರಹದ ರೂಪ ಡ್ಯಾನಿಶ್ ಬರಹದಿಂದಲೇ ಬೆಳೆದದ್ದು. ಹಾಗಾಗಿ ಕಾಗದದ ಮೇಲೆ ಎರಡೂ ಅಕ್ಕತಂಗಿಯರಂತೆ ಕಾಣುತ್ತವೆ. ಬಾಯಿಗೆ ಬಂದರೆ, ನಾರ್ವೆಯ ಪೂರ್ವಭಾಗದ ಮಾತು ಸ್ವೀಡಿಶ್‌ಗೆ ಹತ್ತಿರ, ದೀರ್ಘ, ಒತ್ತು, ಟ, ಡ, ಣ ಎಲ್ಲವೂ ಅಲ್ಲಿವೆ. ಡ್ಯಾನಿಶ್‌ನಲ್ಲಿ ಟ, ಡ, ಣ ಇಲ್ಲ, ವ್ಯಂಜನಕ್ಕೆ ಒತ್ತೂ ಇಲ್ಲ, ಪದಗಳ ಕೊನೆ ಗಂಟಲಲ್ಲೇ ಉಳಿಯುತ್ತದೆ, ಐವತ್ತು ಎನ್ನಲು ಎರಡೂವರೆ ಇಪ್ಪತ್ತು ಎಂಬ ಹಳೆಯ ಎಣಿಕೆಯಿಂದ ಬಂದ ಪದವನ್ನು ಬಳಸುತ್ತಾರೆ. ನನ್ನ ಕನ್ನಡ ನೋಟ್‌ಬುಕ್ ಅಲ್ಲಿ ಹೆಚ್ಚು ನೆರವಾಗದು. ಪತಿಗೋ ಪತ್ನಿಗೋ ಕೆಲಸ ಯಾವ ದೇಶದಲ್ಲಿ ಸಿಕ್ಕಿದೆಯೋ ಆ ಭಾಷೆಯೊಂದನ್ನೇ ಹಿಡಿಯಿರಿ, ಯಾವುದು ಸುಲಭ ಎಂದು ಹುಡುಕುತ್ತಾ ಕೂರಬೇಡಿ.

ಹೊರಡುವ ಮೊದಲು ವ್ಯಾಕರಣ ಮುಗಿಸಲೇಬೇಕೆಂಬ ಹಟವೂ ಬೇಡ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಅಲ್ಲಿನ ಸಾಮಾನ್ಯ ವಾಕ್ಯದಲ್ಲಿ ಎರಡನೆಯ ಸ್ಥಾನದಲ್ಲಿ ಇರಲೇಬೇಕು, ಅದು ಬಹಳ ಕಾಲ ತಪ್ಪುತ್ತಲೇ ಇರುತ್ತದೆ. ನಾಮಪದಗಳ ಎರಡು ಲಿಂಗಗಳೂ ತಪ್ಪುತ್ತವೆ. ಅದರಿಂದ ಯಾರಿಗೂ ಅರ್ಥ ಕೆಡುವುದಿಲ್ಲ, ನನ್ನ ವಾಕ್ಯ ಇಂದಿಗೂ ಒಮ್ಮೊಮ್ಮೆ ಅಡ್ಡಾದಿಡ್ಡಿಯಾದರೂ ವಾರ್ಡಿನಲ್ಲಿ ರೋಗಿಗಳು ಎರಡನೆಯ ಸಲ ಕೇಳುವುದಿಲ್ಲ.

ಸ್ವೀಡನ್ನಿಗೇ ಹೋಗುವುದಾದರೆ, ವೈಯಕ್ತಿಕ ಗುರುತಿನ ಸಂಖ್ಯೆ ಸಿಕ್ಕ ಕೂಡಲೇ ಎಸ್‌ಎಫ್‌ಐಗೆ ಅರ್ಜಿ ಹಾಕಿ. ಮಟ್ಟದ ಪರೀಕ್ಷೆಯಲ್ಲಿ ನಿಮ್ಮ ಓದು, ಬರಹ ನೋಡಿ ಮೇಲಿನ ಹಂತಕ್ಕೆ ಕಳುಹಿಸಲು ಹೊರಟರೆ, ಮಾತಿನ ಅಭ್ಯಾಸಕ್ಕಾಗಿ ಕೆಳಗಿನ ಹಂತವನ್ನೇ ಕೇಳಿ ಪಡೆಯಿರಿ. ಯಾವ ಊರು ಎಂದು ನೀವು ಬರೆದಿಲ್ಲ. ಮಾಲ್ಮೊ ಅಥವಾ ಲುಂಡ್ ಆದರೆ ಮೇಲೆ ಹೇಳಿದ್ದರಲ್ಲಿ ಒಂದನ್ನು ತಿದ್ದಿಕೊಳ್ಳಬೇಕು: ದಕ್ಷಿಣದ ಸ್ಕೋನೆ ಪ್ರಾಂತದಲ್ಲಿ ರಕಾರವನ್ನು ಗಂಟಲಿನಿಂದ ನುಡಿಯುವುದರಿಂದ ಟ, ಡ, ಣ ಹುಟ್ಟುವುದಿಲ್ಲ. ದೀರ್ಘ ಮತ್ತು ಒತ್ತಿನ ನಿಯಮ ಅಲ್ಲಿಯೂ ಅದೇ.