‘ನಾಳೆ ಬಾ’ ಅನ್ನೋ ವ್ಯಾನಿಗೆ ಇನ್ನೆಷ್ಟು ವರ್ಷ ಕಾಯ್ತೀರಾ?

ಓದುಗರೊಬ್ಬರ ಪತ್ರ, ಸ್ವಲ್ಪ ಕತ್ತರಿಸಿ ಕೊಡ್ತಿದೀನಿ: “ನಾನೂ ನನ್ನ ಹೆಂಡ್ತಿನೂ ರಿಟೈರ್ ಆಗಿ ಒಂದು ವರ್ಷ ಆಯ್ತು. ಒಳಗೇ ಮಲಗಿ ಅಡಿಗೆ ಮಾಡ್ಕೊಳ್ಳೋ ಕ್ಯಾಂಪರ್ ವ್ಯಾನ್ ತಗೊಂಡು ಸುತ್ತಬೇಕು ಅನ್ನೋದು ಹಳೇ ಆಸೆ. ಎಲೆಕ್ಟ್ರಿಕ್ ಬರುತ್ತೆ ಬರುತ್ತೆ ಅಂತ 2022ರಿಂದ ಕಾಯ್ತಾನೇ ಇದೀವಿ. ಪೆಟ್ರೋಲ್ ಗಾಡಿ ತಗೋತೀನಿ ಅಂದ್ರೆ ಮಗಳು ‘ಈ ಕಾಲದಲ್ಲಿ ಪೆಟ್ರೋಲಾ ಅಪ್ಪಾ’ ಅಂತಾಳೆ. ತಗೊಂಡ ಮರುವರ್ಷಾನೇ ಒಳ್ಳೇ ಎಲೆಕ್ಟ್ರಿಕ್ ಬಂದ್ಬಿಟ್ರೆ ಅನ್ನೋ ಭಯ ಬೇರೆ. ಕಾಯೋಣ್ವಾ, ತಗೊಂಡ್ಬಿಡೋಣ್ವಾ?”

ಸರ್, ಪೆಟ್ರೋಲ್ ಗಾಡಿನೇ ತಗೊಂಡ್ಬಿಡಿ. ಆದ್ರೆ ಹೊಸದು ಬೇಡ, ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಯಾಕೆ ಅಂತ ಹೇಳೋಕೆ ಸ್ವಲ್ಪ ಜಾಸ್ತಿನೇ ಜಾಗ ತಗೋತೀನಿ, ಇದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕ್ಕೊಂಡು ನಮ್ಮ ಟೇಬಲ್ಲಿಗೆ ಬರ್ತಾನೇ ಇದೆ.

ನೀವು ಕಾಯೋಕೆ ಶುರು ಮಾಡಿದ ವರ್ಷಾನೇ ನೋಡಿ. 2022ರ ಜನವರಿಲಿ ಅಮೆರಿಕದ ವಿನ್ನೆಬೇಗೋ ಕಂಪನಿಯವರು ಒಂದು ಎಲೆಕ್ಟ್ರಿಕ್ ಕ್ಯಾಂಪರ್ ಮಾದರಿ ತೋರಿಸಿದ್ರು, 86 ಯೂನಿಟ್ (ಕರೆಂಟ್ ಬಿಲ್ಲಲ್ಲಿ ಬರೋ ಅದೇ ಯೂನಿಟ್) ಬ್ಯಾಟರಿ, ಒಂದು ಚಾರ್ಜಿಗೆ ಸುಮಾರು 200 ಕಿಮೀ. ಮುಂದಿನ ಜನವರಿಲಿ ಅವರದ್ದೇ ಇನ್ನೊಂದು ಬಂತು, ಫೋರ್ಡಿನ ಎಲೆಕ್ಟ್ರಿಕ್ ವ್ಯಾನಾದ ಇ-ಟ್ರಾನ್ಸಿಟ್ ಮೇಲೆ ಕಟ್ಟಿದ್ದು, ಒಳಗೆಲ್ಲಾ ಚೆನ್ನಾಗಿತ್ತು, ಆದ್ರೆ ಬ್ಯಾಟರಿ 68 ಯೂನಿಟ್, ರೇಂಜು 174 ಕಿಮೀ. ಒಂದು ವರ್ಷ ಕಾದವರಿಗೆ ರೇಂಜು ಕಮ್ಮಿ ಆಗಿತ್ತು! ಫೋಕ್ಸ್‌ವ್ಯಾಗನ್ ಕಥೆನೂ ಹೆಚ್ಚುಕಮ್ಮಿ ಹೀಗೇ. ಐಡಿ ಬಜ್ ಮಾದರಿ ತೋರಿಸಿದ್ದು 2017ರಲ್ಲಿ, ಗಾಡಿ ಮಾರಾಟಕ್ಕೆ ಬಂದಿದ್ದು 2022ರಲ್ಲಿ, ಬಂದಿದ್ದೂ ಸೀಟು ಇರೋ ವ್ಯಾನು, ಮಂಚ ಅಡಿಗೆಮನೆ ಇರೋ ಕ್ಯಾಂಪರ್ ಅಲ್ಲ. ‘ಕ್ಯಾಲಿಫೋರ್ನಿಯಾ’ ಅನ್ನೋ ಅವರದ್ದೇ ಕ್ಯಾಂಪರಿನ ಹೊಸ ಅವತಾರ 2024ರಲ್ಲಿ ಬಂತಲ್ಲ, ಅದು ಪೆಟ್ರೋಲು, ಡೀಸೆಲ್ಲು, ಜೊತೆಗೆ ಪ್ಲಗ್-ಇನ್ ಹೈಬ್ರಿಡ್ (ಎಂಜಿನ್ನೂ ಇರುತ್ತೆ, ಚಾರ್ಜ್ ಮಾಡೋ ಬ್ಯಾಟರಿನೂ ಇರುತ್ತೆ). ಬರೀ ಬ್ಯಾಟರಿ ಮೇಲೆ ಓಡೋದು ಅದರಲ್ಲಿ ಇರಲಿಲ್ಲ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿಟ್ಟ ಹಾಗಿದೆ, ನಾವೇ ದಿನಾ ಹೋಗಿ ಓದ್ಕೊಂಡು ವಾಪಸ್ ಬರ್ತಿದೀವಿ.

ಇದರಲ್ಲಿ ಯಾರದ್ದೋ ಸೋಮಾರಿತನ ಇದೆ ಅಂತ ನನಗನ್ನಿಸಲ್ಲ, ಲೆಕ್ಕಾನೇ ಕಷ್ಟದ್ದು. ಒಂದು ಲೀಟರ್ ಪೆಟ್ರೋಲಲ್ಲಿ ಹತ್ತಿರತ್ತಿರ 9 ಯೂನಿಟ್ ಶಕ್ತಿ ಇರುತ್ತೆ. 70 ಲೀಟರ್ ಟ್ಯಾಂಕ್ ಅಂದ್ರೆ 600 ಯೂನಿಟ್ ಮೇಲಾಯ್ತು. ಎಂಜಿನ್ನು ಅದರಲ್ಲಿ ಮುಕ್ಕಾಲು ಭಾಗ ಬಿಸಿ ಮಾಡಿ ಹಾಳು ಮಾಡಿದ್ರೂ ಚಕ್ರಕ್ಕೆ ಒಂದು 150 ಸಿಗುತ್ತೆ. ಅಷ್ಟೇ ದೂರ ಹೋಗೋ ಬ್ಯಾಟರಿ ಹಾಕೋಣ ಅಂದ್ರೆ ತೂಕ ಅಡ್ಡ ಬರುತ್ತೆ, 80 ಯೂನಿಟ್ ಆಸುಪಾಸಿನ ಬ್ಯಾಟರಿನೇ ಹತ್ತಿರತ್ತಿರ 500 ಕೆಜಿ ತೂಗುತ್ತೆ. ಯುರೋಪಲ್ಲಿ ಮಾಮೂಲಿ ಕಾರ್ ಲೈಸೆನ್ಸ್ ಇಟ್ಕೊಂಡು ಓಡಿಸೋ ಗಾಡಿಗೆ ಬಹಳ ಕಾಲದಿಂದ 3,500 ಕೆಜಿ ಮಿತಿ, ಆ ಮಿತಿಯೊಳಗೇ ಬ್ಯಾಟರಿ, ಕಪಾಟು, ಮಂಚ, ನೂರು ಲೀಟರ್ ನೀರು, ನೀವಿಬ್ಬರು, ನಿಮ್ಮ ಲಗೇಜು, ಎಲ್ಲಾ ಹಿಡಿಸಬೇಕು ಅಂದ್ರೆ ಡಿಸೈನ್ ಮಾಡೋವನ ತಲೆ ಕೆಡದೆ ಇರುತ್ತಾ?

ಅದರ ಮೇಲೆ ಗಾಳಿ ಬೇರೆ. ಕ್ಯಾಂಪರ್ ಅಂದ್ರೆ ಒಂದು ಬೀರುನ ನಿಲ್ಲಿಸ್ಕೊಂಡೇ ಓಡಿಸಿದ ಹಾಗೆ. ಗಂಟೆಗೆ 90 ಕಿಮೀಲಿ ಹೋಗ್ತಿದ್ದವರು 110ಕ್ಕೆ ಏರಿಸಿದ್ರೆ ಗಾಳಿಯ ಅಡ್ಡಿ ಒಂದೂವರೆ ಪಟ್ಟು ಆಗುತ್ತೆ. ನಾನೇ ಒಂದು ಸಲ ಬಾಡಿಗೆಗೆ ಎಲೆಕ್ಟ್ರಿಕ್ ಕ್ಯಾಂಪರ್ ತಗೊಂಡು ನಾಲ್ಕು ದಿನ ಹೋಗಿದ್ದೆ, ಕೊಟ್ಟವರು ಒಂದು ಚಾರ್ಜಿಗೆ 240 ಕಿಮೀ ಬರುತ್ತೆ ಅಂದಿದ್ರು, ಚಳಿ, ಎದುರುಗಾಳಿ ಎರಡೂ ಸೇರಿ 165ಕ್ಕೇ ಉಸಿರು ಬಿಡ್ತು. ಚಾರ್ಜಿಂಗ್ ಪಾಯಿಂಟಿಗೆ ಹೋದ್ರೆ ಅಲ್ಲಿನ ಜಾಗ ಎಲ್ಲಾ ಕಾರಿನ ಅಳತೆಗೆ ಮಾಡಿದ್ದು, ಕೇಬಲ್ ಎಟುಕ್ಲಿ ಅಂತ ಗಾಡಿ ಓರೆಯಾಗಿ ನಿಲ್ಸಿ ಎರಡು ಜಾಗ ತಿಂದು ಮುಕ್ಕಾಲು ಗಂಟೆ ಎಲ್ಲರ ಕೈಲೂ ಬೈಸ್ಕೊಂಡಿದ್ದು ಈಗಲೂ ನೆನಪಿದೆ. ದೊಡ್ಡ ಗಾಡಿಗಳು ಇಲ್ಲ ಅಂತ ಜಾಗ ಮಾಡಲ್ಲ, ಜಾಗ ಇಲ್ಲ ಅಂತ ಗಾಡಿ ಮಾಡಲ್ಲ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ.

ಆದ್ರೆ ಒಂದು ಮಾತು ಒಪ್ಕೋಬೇಕು, ಆ ನಾಲ್ಕು ರಾತ್ರಿ ನಾನು ಮಲಗಿದಷ್ಟು ಚೆನ್ನಾಗಿ ಯಾವ ಪೆಟ್ರೋಲ್ ಗಾಡಿಲೂ ಮಲಗಿಲ್ಲ. ಫ್ರಿಜ್ಜು, ಇಂಡಕ್ಷನ್ ಒಲೆ, ರಾತ್ರಿಯಿಡೀ ಹೀಟರ್, ಎಲ್ಲಾ ಸೇರಿ ದಿನಕ್ಕೆ ಆರೇಳು ಯೂನಿಟ್. ಸದ್ದಿಲ್ಲ, ಹೊಗೆಯಿಲ್ಲ, ಗ್ಯಾಸ್ ಸಿಲಿಂಡರ್ ಖಾಲಿ ಆಯ್ತಾ ಅಂತ ಅಲ್ಲಾಡಿಸಿ ನೋಡೋ ಕೆಲಸ ಇಲ್ಲ. ಪೆಟ್ರೋಲ್ ಕ್ಯಾಂಪರಲ್ಲಿ ಒಳಗಿನ ಲೈಟು, ಫ್ರಿಜ್ಜಿಗೆ ಅಂತ ಬೇರೆ ಇಡೋ 12 ವೋಲ್ಟಿನ 100 ಆಂಪಿಯರ್ ಅವರ್ ಬ್ಯಾಟರಿಲಿ ಇರೋದೇ ಒಂದೂಕಾಲು ಯೂನಿಟ್ಟು. ಆದ್ರೆ ಆ ಆರೇಳು ಯೂನಿಟ್ ಸುಮ್ನೆ ಬರಲ್ಲ, ಬೆಳಿಗ್ಗೆ ಎದ್ದಾಗ ರೇಂಜಲ್ಲಿ ಹದಿನೈದು-ಇಪ್ಪತ್ತು ಕಿಮೀ ಹೋಗಿರುತ್ತೆ. ಸೋಲಾರ್ ಇದೆಯಲ್ಲ ಅಂತೀರಾ? ಮೇಲೆ 300 ವ್ಯಾಟಿನ ಪ್ಯಾನಲ್ ಹಾಕಿದ್ರೆ ಒಳ್ಳೇ ಬಿಸಿಲಲ್ಲಿ ದಿನಕ್ಕೆ ಒಂದು, ಒಂದೂವರೆ ಯೂನಿಟ್, ಫ್ರಿಜ್ಜಿಗೆ ಧಾರಾಳ ಸಾಕು, ಓಡೋಕೆ ಅಂದ್ರೆ ಮೂರು ನಾಲ್ಕು ಕಿಲೋಮೀಟರ್.

ಈಗ ಮಗಳ ಮಾತು. ಅವಳು ಹೇಳೋದು ಕಾರಿನ ವಿಷಯದಲ್ಲಿ ಸರಿ, ದಿನಾ ಓಡೋ ಗಾಡಿಗೆ ಎಲೆಕ್ಟ್ರಿಕ್ಕೇ ಸರಿ. ಕ್ಯಾಂಪರ್ ಹೆಚ್ಚಿನ ದಿನ ನಿಂತಿರೋ ಗಾಡಿ. ನೀವು ವರ್ಷಕ್ಕೆ ಎಷ್ಟು ಓಡಿಸ್ತೀರಾ, 6,000 ಕಿಮೀ ಅನ್ಕೊಳ್ಳಿ. ಬ್ಯಾಟರಿ ತಯಾರು ಮಾಡೋವಾಗ್ಲೇ ಹೊಗೆ ಆಗುತ್ತಲ್ಲ, ಯೂನಿಟ್ಟಿಗೆ 80 ಕೆಜಿ ಇಂಗಾಲದ ಡೈಆಕ್ಸೈಡ್ ಅಂತ ಇಟ್ಕೊಂಡ್ರೆ 80 ಯೂನಿಟ್ ಬ್ಯಾಟರಿಗೆ ಆರು ಟನ್ ದಾಟಿ 6.4 ಆಗುತ್ತೆ. ಪೆಟ್ರೋಲ್ ಒಂದು ಲೀಟರ್ ಉರಿದ್ರೆ 2.3 ಕೆಜಿ, ನೂರು ಕಿಮೀಗೆ 12 ಲೀಟರ್ ಕುಡಿಯೋ ವ್ಯಾನು ಆ 6.4 ಟನ್ ಮುಟ್ಟೋಕೆ ಸುಮಾರು 23,000 ಕಿಮೀ ಓಡಬೇಕು. ಅಂದ್ರೆ ನಿಮ್ಮ ಕೈಲಿ ಸುಮಾರು ನಾಲ್ಕು ವರ್ಷ, ಅದೂ ಚಾರ್ಜ್ ಮಾಡೋ ಕರೆಂಟು ಪೂರ್ತಿ ಕ್ಲೀನ್ ಇದ್ರೆ, ಕಲ್ಲಿದ್ದಲಿನ ಕರೆಂಟಾದ್ರೆ ಇನ್ನೂ ಮುಂದಕ್ಕೆ ಹೋಗುತ್ತೆ. ಸೆಕೆಂಡ್ ಹ್ಯಾಂಡ್ ಅಂದಿದ್ದು ಇದಕ್ಕೇ, ಆ ಗಾಡಿ ಆಗ್ಲೇ ತಯಾರಾಗಿ ರಸ್ತೆಲಿದೆ, ರೇಟು ಬೀಳೋದು ಬಹುಪಾಲು ಮೊದಲನೇ ಓನರ್ ಕಾಲದಲ್ಲೇ ಬಿದ್ದಿರುತ್ತೆ, ನಾಲ್ಕೈದು ವರ್ಷ ಆದ್ಮೇಲೆ ನೀವು ಮಾರೋವಾಗ ನಷ್ಟ ಕಮ್ಮಿ. ಮರುವರ್ಷ ಒಳ್ಳೇ ಎಲೆಕ್ಟ್ರಿಕ್ ಬಂದ್ಬಿಟ್ರೆ ಅನ್ನೋ ಭಯಾನೂ ಅರ್ಧ ಇಲ್ಲೇ ಇಳಿಯುತ್ತೆ. ಹೊಸ ಪೆಟ್ರೋಲ್ ಗಾಡಿಗೆ ಈಗ ದುಡ್ಡು ಸುರಿಯೋದು ನನಗೂ ಸರಿ ಕಾಣಲ್ಲ.

ತಗೊಳ್ಳೋವಾಗ ಎಂಜಿನ್ ಸರ್ವಿಸ್ ಬುಕ್ ಎಲ್ಲರೂ ನೋಡ್ತಾರೆ, ನೀವು ಅದರ ಜೊತೆ ಮೇಲ್ಛಾವಣಿ, ಕಿಟಕಿ ಸುತ್ತ ನೀರು ಸೋರಿದ ಕಲೆ ಇದೆಯಾ ನೋಡಿ, ಹಾಸಿಗೆ ಎತ್ತಿ ಕೆಳಗಿನ ಪ್ಲೈವುಡ್ ಒತ್ತಿ ನೋಡಿ, ಮೆತ್ತಗಿದ್ರೆ ವಾಪಸ್ ಬನ್ನಿ. ಒಳಗಿನ ಸಾಮಾನು ಆದಷ್ಟೂ ಬೋಲ್ಟ್ ಬಿಚ್ಚಿ ತೆಗೆಯೋ ತರದ್ದಿರಲಿ. ಗ್ಯಾಸ್ ಒಲೆ ಬದಲು ದೊಡ್ಡ ಲಿಥಿಯಂ ಬ್ಯಾಟರಿ, ಇಂಡಕ್ಷನ್ನು ಹಾಕಿಸ್ಕೊಂಡ್ರೆ ಮುಂದೆ ಎಲೆಕ್ಟ್ರಿಕ್ ವ್ಯಾನ್ ತಗೊಂಡಾಗ ಒಲೆ, ಫ್ರಿಜ್ಜು, ಹಾಸಿಗೆ ಹೆಚ್ಚುಕಮ್ಮಿ ಹಾಗೇ ಎತ್ತಿ ಇಡಬಹುದು. ಬ್ಯಾಟರಿಗಳು ಹಂಗೇ ನಿಂತಿಲ್ಲ ಸರ್, ಆ ಇ-ಟ್ರಾನ್ಸಿಟ್ಟೇ 68ರಿಂದ 89 ಯೂನಿಟ್ಟಿಗೆ ಬಂದಿದೆ, ಮರ್ಸಿಡಿಸ್ ಇ-ಸ್ಪ್ರಿಂಟರಲ್ಲಿ 113 ಇರೋದೂ ಸಿಗುತ್ತೆ. ಬರುತ್ತೆ, ನಾನು ಇಲ್ಲ ಅಂತಿಲ್ಲ.

ಒಂದೇ ಒಂದು ಕೇಸಲ್ಲಿ ನನ್ನ ಮಾತು ತಿರುಗಿಸ್ತೀನಿ. ನೀವು ಹೋಗೋದೆಲ್ಲಾ ನೂರೈವತ್ತು ಕಿಮೀ ಒಳಗೆ, ಅಲ್ಲಿ ಕ್ಯಾಂಪಲ್ಲಿ ಕರೆಂಟ್ ಪಾಯಿಂಟ್ ಇದೆ, ಹೋದ್ಮೇಲೆ ಮೂರು ದಿನ ಅಲ್ಲೇ ಇರ್ತೀರಾ ಅಂದ್ರೆ ಎಲೆಕ್ಟ್ರಿಕ್ ಈಗ್ಲೇ ಸಾಕು, ಕಾಯೋದೂ ಬೇಡ. ಪತ್ರದಲ್ಲಿ ‘ಸುತ್ತಬೇಕು’ ಅಂತ ಬರೆದಿದೀರಲ್ಲ, ಅದಕ್ಕೇ ನಾನು ಪೆಟ್ರೋಲ್ ಅಂದಿದ್ದು.

ಮಗಳಿಗೆ ಆ ಆರು ಟನ್ನಿನ ಲೆಕ್ಕ ತೋರಿಸಿ. ಒಪ್ಪಲಿಲ್ಲ ಅಂದ್ರೆ ಅವಳೇ ನನಗೆ ಬರೀಲಿ, ಮುಂದಿನ ಸಂಚಿಕೆಲಿ ಜಾಗ ಇಟ್ಟಿರ್ತೀನಿ.

– ಸಂ.